ಅಟ್ಟದ ಏಣಿ

ನನ್ನ ಮೊಮ್ಮಗಳು ಈಗ ಅಂಬೆಗಾಲಿಡುತ್ತಾಳೆ. ಇಷ್ಟು ಬರೆದು ನಾನೇ ಎರಡು ಸಲ ಓದಿಕೊಂಡೆ. ಓದಿದ್ದು ನಾಲ್ಕನೇ ಕ್ಲಾಸು, ಕೈಬರಹ ಕೋಳಿ ಕೆದಕಿದ ಹಾಗೆ. ಆದರೂ ಈ ಸಾಲು ಚೆನ್ನಾಗಿ ಕಾಣುತ್ತದೆ. ಅವಳಿಗೆ ಮೇಲೆರಡು ಹಲ್ಲು, ಕೆಳಗೆರಡು. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಯಾಯಿತು.

ಆದರೆ ಈ ಕೂಸು ಹುಟ್ಟಿದ್ದು ನಮ್ಮ ಮನೆಯಲ್ಲಲ್ಲ.

ಮಗಳನ್ನು ಹಳೇಬೀಡಿಗೆ ಕೊಟ್ಟಿದ್ದೇವೆ. ಅವಳ ಮೊದಲ ಬಸಿರು ಐದನೇ ತಿಂಗಳಲ್ಲಿ ಹೋಯಿತು. ಎರಡನೆಯದು ನಿಂತ ಸುದ್ದಿ ಬಂದ ದಿನದಿಂದ ನನ್ನ ಎದೆ ನನ್ನ ಮಾತು ಕೇಳಲಿಲ್ಲ. ರಾಗಿ ಕೇರಲು ಕೂತರೆ ಮೊರ ಅಲ್ಲೇ ಬಿಟ್ಟು ಏಳುತ್ತಿದ್ದೆ. ಒಲೆಯ ಮೇಲೆ ಎಸರಿಟ್ಟು ಹಿತ್ತಿಲಿಗೆ ಹೋಗಿ, ಯಾಕೆ ಬಂದೆ ಎಂದು ನಿಲ್ಲುತ್ತಿದ್ದೆ. ದಿನಕ್ಕೆ ಐದಾರು ಸಲ ಫೋನು: "ಕೂಸು ಒದೀತೇನೇ? ಈಗ? ಈಗ್ಲೂ ಇಲ್ವಾ?"

ನಮ್ಮ ಅರಸೀಕೆರೆ ಕಡೆ ಕೊಬ್ಬರಿಗೆಂದು ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಸುಮ್ಮನಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಹುಟ್ಟಿದಾಗಿನಿಂದ ಬಲ್ಲೆ. ಬಲ್ಲವಳೇ ಏಣಿ ಹತ್ತಿ ಕೂತು, ಒಂದೊಂದನ್ನೇ ಅಲ್ಲಾಡಿಸಿ, ಸದ್ದು ಬಾರದಿದ್ದರೆ ಏನೋ ಕೆಟ್ಟಿದೆ ಎಂದು ಮಚ್ಚಿನಿಂದ ಸೀಳಿ ನೋಡುತ್ತಿದ್ದೆ. ಏನೂ ಕೆಟ್ಟಿರುತ್ತಿರಲಿಲ್ಲ. ನೀರು ಸೋರಿ, ಚಿಪ್ಪಿಗಂಟಿದ ತಿರುಳು ನನ್ನನ್ನೇ ನೋಡುತ್ತಿತ್ತು. ಸೀಳಿದ ಮೇಲೆ ಅದು ಇನ್ನೆಲ್ಲಿಯ ಕೊಬ್ಬರಿ. ಮರುದಿನ ಮತ್ತೆ ಹತ್ತುತ್ತಿದ್ದೆ.

"ಏನೇ, ಕಾಯಿಗೆಲ್ಲ ಹೆರಿಗೆ ಮಾಡಿಸ್ತಾ ಇದೀಯಾ?" ಎಂದು ಯಜಮಾನರು ಕೆಳಗಿನಿಂದ ಕೂಗಿದರು. ನಾನು ನಗಲಿಲ್ಲ.

ಸೀಮಂತ ಮುಗಿಸಿ ಮಗಳನ್ನು ಕರೆತರಲು ನಾನೇ ಹೋದೆ. ಚೊಚ್ಚಲು ತವರಲ್ಲೇ ಆಗಬೇಕಲ್ಲ. ಮೆತ್ತನೆಯ ಹಳೇ ಸೀರೆಗಳನ್ನು ಒಗೆದು ಮಡಿಸಿಟ್ಟೂ ಆಗಿತ್ತು.

"ನಾನು ಬರಲ್ಲ ಕಣವ್ವ" ಅಂದಳು, ಎಲ್ಲರ ಎದುರಿಗೇ.

"ಯಾಕೇ? ಏನ್ ಕಮ್ಮಿಯಾಗೈತೆ ನಮ್ಮನೇಲಿ?"

"ನಿನ್ ಮುಖ ನೋಡಿದ್ರೆ ನಂಗೂ ಎದೆ ಹೊಡ್ಕತದೆ. ಇಲ್ಲಾದ್ರೆ ನಿದ್ದೆ ಬತ್ತದೆ."

ಅವಳತ್ತೆ ನನ್ನ ಕೈಹಿಡಿದು, "ನಾನು ನೋಡ್ಕತೀನಿ ಬುಡಿ ಅಕ್ಕಾ" ಅಂದರು. ಒಳ್ಳೆಯ ಹೆಂಗಸು. ಒಳ್ಳೆಯವರಾದ್ದರಿಂದ ಬೈಯಲೂ ಆಗಲಿಲ್ಲ. ಜಾವಗಲ್ ದಾಟುವವರೆಗೂ ಬಸ್ಸಿನಲ್ಲಿ, ಮಗಳು ಕೂರಬೇಕಿದ್ದ ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟುಕೊಂಡೇ ಕೂತಿದ್ದೆ.

ಬಾಣಂತನ ಅವರೇ ಮಾಡಿದರು. ಕೂಸಿಗೆ ಮೊದಲ ಎಣ್ಣೆನೀರು ಹಾಕಿದ ಕೈ ಅವರದು. ಸುದ್ದಿ ಬಂದಾಗ ನಾನು ಅಂಗಳದಲ್ಲಿ ಕುಣಿದೆ, ನಿಜ. ಬೀದಿಗೆಲ್ಲ ಸಕ್ಕರೆ ಹಂಚಿದೆ. ಆ ಸಂತೋಷ ಇಂದಿಗೂ ಎದೆಯಲ್ಲಿ ಹಿಡಿಸುತ್ತಿಲ್ಲ. ಅದರ ಅಡಿಯಲ್ಲಿರುವ ಕಹಿಯೂ ಇಳಿದಿಲ್ಲ.

ಹೋದ ವಾರ ನೋಡಲು ಹೋದೆ. ಕೂಸು ಸ್ವಲ್ಪ ಇಳಿದಿತ್ತು.

"ಮೂರು ದಿನ ಜ್ವರ ಇತ್ತು. ಹೋಯ್ತು" ಅಂದಳು ಮಗಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೇನ್ ಮಾಡ್ತಿದ್ದೆ?"

"ಈ ವರ್ಷ ಒಂದು ಕಾಯೂ ಸೀಳಿಲ್ಲ ಕಣೇ ನಾನು" ಅಂದೆ.

"ಏಣೀನ ಅಪ್ಪ ಪಕ್ಕದ ಮನೇಲಿ ಇಟ್ಟವ್ರಂತಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ತೊಡೆಯ ಮೇಲಿದ್ದ ಕೂಸು ನನ್ನ ಬಾಯಿಗೆ ಬೆರಳು ಹಾಕಿತು. ಮೈ ಬಿಸಿಯಿದೆಯೇ ನೋಡೋಣವೆಂದು ಅದರ ಹಣೆಯತ್ತ ಕೈ ಎತ್ತಿದೆ. ಮಗಳು ನೋಡುತ್ತಿದ್ದಳು. ಕೈ ಇಳಿಸಿದೆ.