ನನ್ನ ಸಹಿ, ಯಜಮಾನರ ಕೈ

ಆಗ ನನಗೆ ನಲವತ್ತೆಂಟು. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಭದ್ರಾವತಿ ಹಳೇನಗರದ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ನಮ್ಮ ಯಜಮಾನರು ಎಲೆಕ್ಷನ್ನಿಗೆಂದೇ ಬಿಳಿ ಷರ್ಟು ಹೊಲಿಸಿಟ್ಟುಕೊಂಡಿದ್ದವರು. ಷರ್ಟು ವೇಸ್ಟ್ ಆಗಬಾರದಲ್ಲ, ನನ್ನನ್ನು ನಿಲ್ಲಿಸಿದರು. ಗೆದ್ದೆ. ಹಾರ ಅವರ ಕೊರಳಿಗೆ ಬಿತ್ತು. ಊರಿಗೆಲ್ಲ ಅವರು ‘ಮೆಂಬರ್ರು’, ನಾನು ‘ಮೆಂಬರ್ ಹೆಂಡ್ತಿ’.

ನಾನು ಓದಿದ್ದು ಎರಡನೇ ಕ್ಲಾಸು. ಸಹಿ ಕಲಿಸಿದವರೂ ಯಜಮಾನರೇ. ಒಲೆ ಮುಂದೆ, ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ, ಒಂದು ತಿಂಗಳು. ರೊಟ್ಟಿ ಸೀದರೂ ಬೈಗುಳ, ಅಕ್ಷರ ಸೊಟ್ಟಗಾದರೂ ಬೈಗುಳ. (ಯಾವ ಗಂಡಸು ಮೆಂಬರಿಗೆ ಈ ಎರಡು ಪರೀಕ್ಷೆ ಒಟ್ಟಿಗೆ ಇಟ್ಟಿದ್ದಾರೆ, ಹೇಳಿ?)

ಗೆದ್ದ ಮೇಲೆ ನಾನು ಕೇಳಿದ್ದು ಒಂದೇ. ಸಂತೆ ಪಕ್ಕ ಹೆಂಗಸರಿಗೊಂದು ಶೌಚಾಲಯ. ಸೊಪ್ಪು ಮಾರುವ ಹೆಂಗಸರು ಹೊತ್ತು ಮುಳುಗುವವರೆಗೂ ನೀರೇ ಕುಡಿಯುತ್ತಿರಲಿಲ್ಲ. ಯಾಕೆ ಅಂತ ಬಿಡಿಸಿ ಹೇಳಬೇಕೇ? ಜಾಗ ಗುರುತಾಗಿತ್ತು. ಮೀಟಿಂಗಿನಲ್ಲಿ ಪಾಸಾಗುವುದೊಂದೇ ಬಾಕಿ.

ಮೀಟಿಂಗಿನ ದಿನವೇ ನಮ್ಮನೆಯಲ್ಲಿ ಹಿರಿಯರಿಗೆ ಎಡೆ. ತೀರಿಹೋದ ಮಾವನಿಗೆ ಹಿರಿ ಸೊಸೆಯೇ ಕೋಳಿಸಾರು, ಕಡುಬು ಮಾಡಿ ಇಡಬೇಕು.

“ನೀನು ಎಡೆ ನೋಡ್ಕೋ ಮಾರಾಯ್ತಿ. ಶೌಚಾಲಯ ಬೇಕು ಅಂತ ನಿನ್ ಲೆಟರ್ ನಾನ್ ಬರ್ದು ಕೊಟ್ ಬರ್ತೀನಿ” ಎಂದರು ಯಜಮಾನರು.

ಹೂಂ ಎಂದೆ. ಸಹಿ ಹಾಕಿಸಿಕೊಳ್ಳದೆ ಹೊರಟರಲ್ಲ ಎಂದು ಹೊಳೆಯಲೂ ಇಲ್ಲ, ಕೈತುಂಬ ಹಿಟ್ಟು. ಸತ್ತ ಮಾವನಿಗೆ ಸಿಟ್ಟು ಬರಬಾರದಲ್ಲ. (ಬದುಕಿದ್ದಾಗ ಆ ಮನುಷ್ಯ ಒಂದು ದಿನವೂ ನನ್ನ ಸಾರು ಚೆನ್ನಾಗಿದೆ ಎಂದವನಲ್ಲ.)

ಸಂಜೆ ಸೊಪ್ಪಿನ ಗಿರಿಜಮ್ಮ ಬುಟ್ಟಿ ಸಮೇತ ಬಾಗಿಲಿಗೆ ಬಂದಳು.

“ಏನಕ್ಕಾ, ನಮ್ ಜಾಗ ಹೋಟ್ಲಿಗೆ ಕೊಡಿ ಅಂದ್ಯಂತೆ?”

“ಯಾರೇ ಹೇಳಿದ್ದು?”

“ನೀನೇ ಸೈನ್ ಹಾಕಿದೀಯಂತೆ! ಶೌಚಾಲಯ ಬ್ಯಾಡ ಅಂತ. ನಾಳೆ ಆರ್ಡರ್ ಆಗುತ್ತಂತೆ. ಇನ್ಮೇಲೆ ನಿಮ್ಮನೆ ಹಿತ್ಲಿಗೇ ಬರ್ತೀವಿ, ಬಾಗ್ಲು ತೆಗ್ದಿಡು.”

ಯಜಮಾನರು ಒಳಗೆ ಕಡುಬು ಮುರಿಯುತ್ತಿದ್ದರು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹೋಟೆಲಿದ್ದ ಅವರ ದೋಸ್ತಿಗೆ ನಮ್ಮೂರಲ್ಲೂ ಒಂದು ಹೋಟೆಲು ಬೇಕಿತ್ತಂತೆ.

“ನನ್ ಸಹಿ ನೀವ್ ಹಾಕಿದ್ರಾ?”

“ನಿನ್ ಕೆಲ್ಸ ಹಗುರ ಮಾಡ್ದೆ ಕಣೆ. ಒಲೆ ಬಿಟ್ ಬರಕ್ಕಾಗ್ತಿತ್ತಾ ನಿಂಗೆ?”

ಜೇಬಿನಿಂದ ನಕಲು ಪ್ರತಿ ತೆಗೆದು ತೋರಿಸಿದರು, ಅದೂ ಹೆಮ್ಮೆಯಿಂದ. ಸುಳ್ಳು ಯಾಕೆ ಹೇಳಲಿ, ನನ್ನ ಸಹಿಯನ್ನು ನನಗಿಂತ ಚೆನ್ನಾಗಿ ಹಾಕಿದ್ದರು.

ಮನೆ, ಅಧಿಕಾರ ಎರಡನ್ನೂ ಹೇಗೆ ಬ್ಯಾಲೆನ್ಸ್ ಮಾಡಿದಿರಿ ಎಂದು ಈಗಿನ ಹುಡುಗಿಯರು ಕೇಳುತ್ತಾರೆ. ಎಲ್ಲಿಯ ಬ್ಯಾಲೆನ್ಸು? ಎಡೆ ಕಡೆ ತಿರುಗಿದೆ, ಅಷ್ಟರಲ್ಲಿ ಮೀಟಿಂಗು ಮುಗಿದಿತ್ತು. ತಪ್ಪು ಅವರದಷ್ಟೇ ಅಲ್ಲ. ಹೂಂ ಎಂದವಳು ನಾನು.

ಮರುದಿನ ಬೆಳಿಗ್ಗೆ ಒಲೆ ಹಚ್ಚಲಿಲ್ಲ. ಮುನಿಸಿಪಾಲ್ಟಿ ಆಫೀಸಿನ ಬೀಗ ತೆಗೆಯುವ ಮೊದಲೇ ಹೋಗಿ ನಿಂತೆ. ಆ ಲೆಟರ್ ವಾಪಸ್ ಕೊಡಿ ಎಂದೆ.

“ಇದು ನಿಮ್ ಸಹಿ ಅಲ್ವೇನಮ್ಮ?” ಎಂದರು ಸಾಹೇಬರು.

“ನಂದೇ. ಹಾಕಿದ್ದು ನಾನಲ್ಲ.”

ಮೇಜಿನ ಮೇಲಿದ್ದ ಇಂಕ್ ಪ್ಯಾಡು ಎಳೆದುಕೊಂಡು, ಬಿಳಿ ಹಾಳೆಯ ಮೇಲೆ ಎಡಗೈ ಹೆಬ್ಬೆಟ್ಟು ಒತ್ತಿದೆ.

“ಇವತ್ತಿಂದ ನನ್ ಸಹಿ ಇದೇ ಅಂತ ಬರ್ಕೊಳ್ಳಿ ಸಾಹೇಬ್ರೇ. ನಮ್ಮನೆಯೋರು ಎಷ್ಟ್ ಪ್ರಾಕ್ಟೀಸ್ ಮಾಡಿದ್ರೂ ಇದು ಅವ್ರಿಗೆ ಬರಲ್ಲ.”