ದೋಣಿ ಹತ್ತಿ ಹಳ್ಳಿಯ ಅನುಭವಕ್ಕೆ

ಮದುವೆಯಾಗಿ ಮೂರು ತಿಂಗಳಾದರೂ ನನ್ನ ಗಂಡ ನನ್ನ ಜೊತೆ ವಾರ್ತೆ ಓದುವವರ ಹಾಗೆ ಮಾತಾಡುತ್ತಿದ್ದರು. "ಊಟ ಚೆನ್ನಾಗಿತ್ತು. ಧನ್ಯವಾದಗಳು." "ನಾನು ಈಗ ಹೊರಡುತ್ತೇನೆ." ಹವಾಮಾನ ವರದಿ ಒಂದು ಬಾಕಿ. ಮೈಸೂರಿನಿಂದ ಬಂದ ನಾನು, ವಿಜಯಪುರದ ಕಡೆಯ ಈ ಸೈಟ್ ಇಂಜಿನಿಯರು, ಇಬ್ಬರೂ ಮುಂಬಯಿಯ ಪವಾಯಿಯಲ್ಲಿ, ಹದಿನಾಲ್ಕನೇ ಮಹಡಿಯ ಮನೆಯಲ್ಲಿ, ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರ ಮರ್ಯಾದೆಯಿಂದ ಸಂಸಾರ ಮಾಡುತ್ತಿದ್ದೆವು. ಅವರಮ್ಮನ ಫೋನ್ ಬಂದರೆ ಮಾತ್ರ ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡು ಅರ್ಧ ಗಂಟೆ ಮಾತಾಡುತ್ತಿದ್ದರು. ಗಾಜಿನಾಚೆ ಕೈಯಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಈ ಮನುಷ್ಯನಿಗೆ ನಾನು ಇಷ್ಟವಾಗಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೆ. ಆ ತೀರ್ಮಾನ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಪರಿಹಾರವನ್ನು ಫೋನೇ ಸೂಚಿಸಿತು. ಹೊಸ ದಂಪತಿಗಳು ಜೊತೆಯಾಗಿ ಹೊಸ ಅನುಭವಗಳನ್ನು ಪಡೆದರೆ ಮಾತು ತಾನಾಗಿ ಹುಟ್ಟುತ್ತದಂತೆ. ಸರಿ, ಪ್ರತಿ ಭಾನುವಾರ ಒಂದು ಅನುಭವ ಎಂದು ಗೊತ್ತುಮಾಡಿದೆ. ಅವರು "ಆಗಬಹುದು" ಎಂದರು. ನಾಳೆ ಗಲ್ಲಿಗೇರೋಣವೇ ಎಂದಿದ್ದರೂ ಅಷ್ಟೇ ಸೌಜನ್ಯದಿಂದ ಆಗಬಹುದು ಎನ್ನುತ್ತಿದ್ದರೇನೋ.

ಮೊದಲ ಭಾನುವಾರ ಬಾಂದ್ರಾದಲ್ಲಿ ಕುಂಬಾರಿಕೆ. ನಾನು ಮಾಡಿದ್ದನ್ನು ಹೂದಾನಿ ಎಂದು ನಾನೊಬ್ಬಳೇ ನಂಬಿದೆ. ಎರಡನೆಯದು ಪವಾಯಿ ಕೆರೆಯ ದಂಡೆಯಲ್ಲಿ ಬೆಳಗಿನ ಯೋಗ. ಮೊಸಳೆಗಳಿವೆ ಎಚ್ಚರಿಕೆ ಎಂಬ ಫಲಕದ ಪಕ್ಕದಲ್ಲೇ ಕಣ್ಣು ಮುಚ್ಚಿ ಮನಸ್ಸನ್ನು ಶಾಂತವಾಗಿಟ್ಟುಕೊಳ್ಳಲು ಹೇಳಿದರು. ಮೂರನೆಯದಕ್ಕೆ ನಾನೇ ಸೋತು ಮಾಟುಂಗಕ್ಕೆ ಕಾಫಿಗೆ ಕರೆದೊಯ್ದೆ. ಸುತ್ತ ಎಲ್ಲರೂ ಕನ್ನಡವೋ ತಮಿಳೋ ಗಟ್ಟಿಯಾಗಿ ಹರಟುತ್ತಿದ್ದರೆ ನಮ್ಮ ಟೇಬಲ್ಲಿನಲ್ಲಿ ಲೋಟಗಳ ಸದ್ದು ಮಾತ್ರ. "ಕಾಫಿ ಉತ್ತಮವಾಗಿದೆ" ಎಂದರು. ನನಗೆ ಲೋಟ ಎಸೆಯಬೇಕೆನಿಸಿತು.

ನಾಲ್ಕನೆಯದು ಹಳ್ಳಿಯ ಅನುಭವ. ಇದಕ್ಕೆ ಮುಂಬಯಿ ಬಿಟ್ಟು ಹೋಗಬೇಕಾಗಿಯೂ ಇಲ್ಲ. ಬೋರಿವಲಿಯಿಂದ ಬಸ್ಸು, ಆಮೇಲೆ ಖಾಡಿ ಎಂಬ ಸಮುದ್ರದ ಹಿನ್ನೀರು ದಾಟಲು ದೋಣಿ, ಇಳಿದರೆ ಗೊರಾಯಿ. ಅಲ್ಲೊಂದು ತೋಟ. ಬಾಗಿಲಲ್ಲೇ ಯಜಮಾನರು, ಇಸ್ತ್ರಿ ಮಾಡಿದ ಖಾದಿ ತೊಟ್ಟವರು, ನಮಗೂ ಅಂಧೇರಿಯ ಇನ್ನೆರಡು ಜೋಡಿಗಳಿಗೂ ಕೆಂಪು ರುಮಾಲು ಸುತ್ತಿ, "ಇವತ್ತು ನೀವೆಲ್ಲ ರೈತರು" ಎಂದು ಹಿಂದಿಯಲ್ಲಿ ಘೋಷಿಸಿದರು. ಅರ್ಧ ಗಂಟೆಯಲ್ಲಿ ನಾವು ಕೋಳಿಗೆ ಕಾಳು ಹಾಕಿ, ಬಾವಿಯಿಂದ ಒಂದು ಕೊಡ ನೀರು ಸೇದಿ ಅದನ್ನು ವಾಪಸು ಅದೇ ಬಾವಿಗೆ ಸುರಿದು, ಕೃಷಿಯಲ್ಲಿ ಪಳಗಿದೆವು. ನನ್ನ ಗಂಡ ರುಮಾಲು ಕಟ್ಟಿಕೊಂಡು ಕಂಬದ ಹಾಗೆ ನಿಂತಿದ್ದರು.

ಕೊನೆಗೆ ಒಲೆಯ ಮುಂದೆ ಭಾಕ್ರಿ, ಅಂದರೆ ಜೋಳದ ರೊಟ್ಟಿಯ ಕಲಿಕೆ. ಕಲಿಸಲು ಕೂತಿದ್ದವಳು ಐವತ್ತರ ಆಸುಪಾಸಿನ ಹೆಂಗಸು, ಇಳಕಲ್ ಸೀರೆ ಉಟ್ಟವಳು; ಎಲ್ಲರಿಗೂ ಅವಳು ಮಾವ್ಶಿ, ಚಿಕ್ಕಮ್ಮ. ಅವಳು ಮರಾಠಿಯಲ್ಲಿ ತೋರಿಸಿಕೊಟ್ಟಳು, ನಾನು ತಟ್ಟಿದೆ. ಅದು ನಡುವೆ ಹರಿಯಿತು. ಮತ್ತೆ ತಟ್ಟಿದೆ, ಅಂಚು ಸೀಳಿತು. ಹಿಟ್ಟು ಸರಿಯಿಲ್ಲ ಎಂದೆ. ಕುಣಿಯಲಾರದವಳಿಗೆ ನೆಲ ಡೊಂಕು. ಅವಳು ಒಲೆಗೆ ಸೌದೆ ಸರಿಸುತ್ತ, ಯಾರಿಗೂ ತಿಳಿಯದೆಂಬ ಧೈರ್ಯದಲ್ಲಿ ತನ್ನಷ್ಟಕ್ಕೆ ಗೊಣಗಿದಳು:

"ಇದಕ್ಕ ರೊಟ್ಟಿ ಅಂದ್ರ ಹಂಚೂ ನಗತೈತಿ ನೋಡ."

ನನ್ನ ಹಿಂದೆ ಯಾರೋ ಗೊಳ್ಳೆಂದು ನಕ್ಕರು. ತಿರುಗಿ ನೋಡಿದರೆ ನನ್ನ ಗಂಡ. ಈ ಮನುಷ್ಯನಿಗೆ ನಗುವೂ ಬರುತ್ತದೆ ಎಂಬುದು ನಾಲ್ಕು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಸುದ್ದಿ.

"ಯವ್ವಾ, ಯಾವೂರ ನಿಂದು?"

"ಅಯ್ಯ ತಮ್ಮಾ, ನಮ್ಮ ಕಡ್ಯಾಂವ ಅದಿಯೇನ? ಸಿಂದಗಿ ಕಡ್ಯಾಕಿ ನಾ."

"ನಂದು ಇಂಡಿ ಬೇ! ಅತ್ತಾಗ ಸರಿ, ನಾ ಒಂದು ರೊಟ್ಟಿ ಬಡೀತೀನಿ."

ರುಮಾಲು ಕಿತ್ತೆಸೆದು, ತೋಳು ಮಡಚಿ, ನೆಲಕ್ಕೆ ಕೂತರು. ಎರಡು ಕೈಯ ಏಟಿಗೆ ರೊಟ್ಟಿ ತಿರುತಿರುಗಿ ಅಗಲವಾಯಿತು. ಮೊದಲ ಕೆಲಸದಲ್ಲಿ ಸೈಟಿನ ಶೆಡ್ಡಿನಲ್ಲೇ ಇದ್ದಾಗ ಕೂಲಿಯವರ ಹೆಂಗಸರು ಕಲಿಸಿದ್ದಂತೆ. ಇದನ್ನು ನನಗೆ ಹೇಳಲಿಲ್ಲ, ಅವಳಿಗೆ ಹೇಳಿದರು. ತಾಯಿ ಅರೆಯುವ ಶೇಂಗಾ ಚಟ್ನಿ, ಸೈಟಿನ ಕೂಲಿಗಳ ಮೇಸ್ತ್ರಿ ಮುಕಾದಮನ ಗೊರಕೆ, ಲೋಕಲ್ ರೈಲಿನಲ್ಲಿ ಕಳಕೊಂಡ ಚಪ್ಪಲಿ, ಎಲ್ಲ ಹೇಳಿದರು. ಅಂಧೇರಿಯವರು ವಿಡಿಯೊ ಮಾಡಿದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನು, ಕೈತುಂಬ ಹಿಟ್ಟು ಮೆತ್ತಿಕೊಂಡು ನೋಡುತ್ತ ಕೂತೆ. ಹೊಟ್ಟೆಕಿಚ್ಚಾಯಿತು. ಅದೂ ಐವತ್ತು ವರ್ಷದ ಹೆಂಗಸಿನ ಮೇಲೆ.

ಆಗ ಅವರು ನನ್ನತ್ತ ತಿರುಗಿ, "ನೀವು ದಯವಿಟ್ಟು ಸ್ವಲ್ಪ ಆ ಕಡೆ ಸರಿಯುತ್ತೀರಾ? ಹೊಗೆ ಬರುತ್ತಿದೆ" ಎಂದರು.

ಹೆಂಗಸು ಕೈಕೆಲಸ ನಿಲ್ಲಿಸಿದಳು. "ಇಕಿ ನಿನ್ನ ಹೇಣ್ತಿ ಹೌದಿಲ್ಲೊ? ಮತ್ತ ಇಕಿ ಜೋಡಿ ಯಾಕ ಸಾಲಿ ಮಾಸ್ತರನಂಗ ಮಾತಾಡ್ತಿ?"

ಅವರು ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದರು. "ಇಕಿ ನಗತಾಳ ಯವ್ವಾ" ಎಂದರು, ತಲೆ ಎತ್ತದೆ.

ವಾಪಸು ದೋಣಿಯಲ್ಲಿ ಪಕ್ಕಪಕ್ಕ ಕೂತೆವು. ನನ್ನ ಕಾಲ ಬಳಿ ಯಾರದೋ ಮೀನಿನ ಬುಟ್ಟಿ. ನಾನು ಯಾವಾಗ ನಕ್ಕೆ ಎಂದು ಕೇಳಿದೆ. ಅವರು ನೀರು ನೋಡುತ್ತ, ಒಂದೂ ಅಕ್ಷರ ತಪ್ಪದ ಕನ್ನಡದಲ್ಲಿ ಹೇಳಿದರು.

"ಹೆಣ್ಣು ನೋಡಲು ಬಂದಾಗ ನಿಮ್ಮ ತಂದೆಯವರು ಕಾಫಿ ಕೊಟ್ಟರು. 'ಒಲ್ರಿ, ಈಗರ ಚಾ ಕುಡದ ಬಂದೇನ್ರಿ' ಎಂದೆ. ಅಡುಗೆಮನೆಯಿಂದ ನೀವು ನಕ್ಕಿದ್ದು ಕೇಳಿಸಿತು. ಹೊಸಬರು, ಇರಲಿ ಎಂದುಕೊಂಡೆ. ಮದುವೆಯ ಮೂರನೆಯ ದಿನ ನಿಮ್ಮ ತಂಗಿಗೆ ಫೋನಿನಲ್ಲಿ ಅದನ್ನೇ ಮಾಡಿ ತೋರಿಸಿದಿರಿ. ನಾನು ಸ್ನಾನಕ್ಕೆ ಹೋಗಿದ್ದೇನೆ ಎಂದುಕೊಂಡಿದ್ದಿರಿ. ಟವೆಲ್ ಮರೆತು ಬಾಗಿಲ ಹಿಂದೆ ನಿಂತಿದ್ದೆ."

ಅದು ನಿಜ. ನಾನು ಅದನ್ನು ಮಾಡಿ ತೋರಿಸಿದ್ದು ತಂಗಿಗೆ ಮಾತ್ರವಲ್ಲ. ಸೋದರತ್ತೆಯ ಮಗಳಿಗೆ, ಇಬ್ಬರು ಗೆಳತಿಯರಿಗೆ, ಕೈಸನ್ನೆ ಸಮೇತ. ಅದು ನನ್ನ ಅಚ್ಚುಮೆಚ್ಚಿನ ಜೋಕು. ನಮ್ಮ ಮೈಸೂರಿನವರಿಗೆ ಕನ್ನಡವೆಂದರೆ ನಮ್ಮ ಬೀದಿಯದು, ಉಳಿದದ್ದು ಮನರಂಜನೆ. ಮಾತಾಡುವ ಮನುಷ್ಯನ ಬಾಯಿಗೆ ನಾನೇ ಬೀಗ ಹಾಕಿ, ಬೀಗದ ಕೈ ಹುಡುಕಲು ಅವರನ್ನೇ ಮೊಸಳೆಗಳ ಮುಂದೆ ಕೂರಿಸಿದ್ದೆ.

"ನಿಮಗೆ ನಾನು ಇಷ್ಟವಿಲ್ಲ ಅಂದುಕೊಂಡಿದ್ದೆ" ಎಂದೆ.

"ಹಾಗೇನೂ ಇಲ್ಲ, ನೀವು ತಪ್ಪಾಗಿ..." ಎಂದವರು ನಿಲ್ಲಿಸಿದರು. ಆಮೇಲೆ, "ಹಂಗಲ್ಲ. ನೀ ಛಲೋ ಅದಿ. ಖರೇನ ಛಲೋ ಅದಿ. ಆದ್ರ ನಗಬ್ಯಾಡ" ಎಂದರು.

ನಾನು ನಗಲಿಲ್ಲ. ಮೀನಿನ ಬುಟ್ಟಿಯವಳು ನೋಡುತ್ತಿದ್ದಾಳೆಂದೂ ಲೆಕ್ಕಿಸದೆ ಬಿಕ್ಕಿಬಿಕ್ಕಿ ಅತ್ತೆ. ಅವರು ಗಾಬರಿಬಿದ್ದು ಮತ್ತೆ ವಾರ್ತೆಗೆ ಇಳಿದರು. "ದಯವಿಟ್ಟು ಅಳಬೇಡಿ."

"ಅಳಬ್ಯಾಡ ಅನ್ನಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಮತ್ತೊಂದು ಜೋಕಿಗೆ ತಯಾರಿಯೇ ಎಂದು ಅಳೆಯುತ್ತಿದ್ದುದು ಗೊತ್ತಾಯಿತು. ನಾನು ಕಾದೆ. ದೋಣಿ ದಂಡೆಗೆ ತಾಗಿ, ಎಲ್ಲರೂ ಎದ್ದು, ಬುಟ್ಟಿಯವಳೂ ಇಳಿದ ಮೇಲೆ ಅವರು ಕೈ ಚಾಚಿ ಹೇಳಿದರು.

"ಏಳ, ಅಳಬ್ಯಾಡ. ಮನೀಗಿ ಹೋಗೂಣು."