ಬಿದಿರಿನ ಲಾರಿಯಲ್ಲಿ ಹಳಿಯಾಳಕ್ಕೆ

ಅರವತ್ತರ ದಶಕದ ಆರಂಭದಲ್ಲಿ ನಾನು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೂಲಿಯಾಗಿದ್ದೆ. ನಮ್ಮ ಚಾಳಿನ ಪಕ್ಕದ ಮನೆಯವನು ಕಾಡಿನಿಂದ ಬಿದಿರು ತರುವ ಲಾರಿಯ ಡ್ರೈವರ್. ಬೆಳಗಾವಿ ಕಡೆಯವನು, ಮಾತು ಕಡಿಮೆ, ನಗು ಜಾಸ್ತಿ. ಆ ವಾರ ಅವನ ಲಾರಿ ಚಾಳಿನ ಮುಂದೆಯೇ ನಿಂತಿತ್ತು. ಇಂಜಿನ್ನಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ತೆಳು ಹಾಳೆ, ಗ್ಯಾಸ್ಕೆಟ್, ಸೋರಿ ಇಂಜಿನ್ ತಣಿಸುವ ನೀರು ಖಾಲಿಯಾಗುತ್ತಿತ್ತು. ಹುಬ್ಬಳ್ಳಿಯಿಂದ ಹೊಸದು ಬರುವ ತನಕ ಲಾರಿ ಕದಲಕೂಡದು ಎಂದು ಮಾಲೀಕ ಕಟ್ಟಪ್ಪಣೆ ಮಾಡಿದ್ದ.

ಒಂದು ಮಧ್ಯಾಹ್ನ ನನ್ನ ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ಕೂಸು ಅಡ್ಡ ಐತಿ, ಹಳಿಯಾಳದ ದವಾಖಾನಿಗೆ ಒಯ್ರಿ" ಎಂದಳು. ಬಸ್ಸು ಹೋಗಿಯಾಗಿತ್ತು. ನಾನು ಡ್ರೈವರನ ಮುಖ ನೋಡಿದೆ. ಬಾಯಿಬಿಟ್ಟು ಕೇಳಲಿಲ್ಲ, ಕೇಳುವ ಮುಖ ಮಾಡಿಕೊಂಡು ನಿಂತೆ. ಅದು ಕೇಳುವುದಕ್ಕಿಂತ ಕೆಟ್ಟದ್ದು. ಅವನು ಒಳಗೆ ಹೋಗಿ ನೀರಿನ ಡಬ್ಬಿ ತಂದ.

"ನಿಂತು ನಿಂತು, ನೀರು ಹಾಕ್ಕೋತ ಹೋಗೂಣು," ಎಂದ.

ಮೊದಲೆರಡು ಸಲ ನಿಂತ. ನಿಂತಾಗಲೆಲ್ಲ ಹೆಂಡತಿ ನನ್ನ ತೋಳು ಕಚ್ಚುತ್ತಿದ್ದಳು. ಮುಂದೆ ಹಳ್ಳದ ಹತ್ತಿರ ಅವನು ಮತ್ತೆ ಬ್ರೇಕಿಗೆ ಕಾಲಿಟ್ಟಾಗ ನಾನು ಗದರಿದೆ: "ನಿಂದರಸಬ್ಯಾಡ, ನಡೀ." ಅವನು ಬಾನೆಟ್ಟಿನಿಂದ ಏಳುತ್ತಿದ್ದ ಹಬೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಗಾಡಿ ಓಡಿಸಿದ. ದವಾಖಾನೆಯ ಗೇಟು ದಾಟುತ್ತಲೇ ಇಂಜಿನ್ ತಾನಾಗಿ ನಿಂತುಹೋಯಿತು. ಸಂಜೆಯೊಳಗೆ ಮಗಳು ಹುಟ್ಟಿದಳು. ತಾಯಿಯೂ ಉಳಿದಳು.

ಲಾರಿಯನ್ನು ಇನ್ನೊಂದು ಲಾರಿಗೆ ಕಟ್ಟಿ ದಾಂಡೇಲಿಗೆ ಎಳೆದು ತಂದರು. ಮಾಲೀಕನದು ಒಂದೇ ಮಾತು: ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಇಂಜಿನ್ ಸರಿಹೋದರೆ ಡ್ರೈವರ್ ಉಳಿಯುತ್ತಾನೆ, ಇಲ್ಲವಾದರೆ ಕೀಲಿಕೈ ಕೊಟ್ಟು ಊರ ದಾರಿ ಹಿಡಿಯಲಿ. ನಾನೇ ಹೋಗಿ ಕಾರಣ ಹೇಳಿದೆ. "ಪುಣ್ಯಾ ಮಾಡಾಕ ನನ್ನ ಲಾರಿನ ಬೇಕಾಗಿತ್ತೇನ?" ಎಂದ. ನಾನು ಸಿಟ್ಟಿನಿಂದ ಎದ್ದು ಬಂದೆ.

ಇಂಜಿನ್ ಬಿಚ್ಚುವ ದಿನ ರಜೆ ಹಾಕಿ ಹೋದೆ. ದಾಂಡೇಲಿಯ ಹಳೆಯ ಮುಸಲ್ಮಾನ ಮೆಕ್ಯಾನಿಕ್ ಒಬ್ಬ ಕೆಲಸಕ್ಕೆ ಬಂದಿದ್ದ. ನನ್ನ ಕೈಗೆ ಚಿಂದಿ, ಸೀಮೆಎಣ್ಣೆ ಕೊಟ್ಟು ಬೋಲ್ಟು ತೊಳೆಯಲು ಕೂರಿಸಿದ. ಒಂದೊಂದನ್ನೂ ದೇವರ ಸಾಮಾನಿನಂತೆ ತಿಕ್ಕಿದೆ. ತೊಳೆದರೆ ಹೋಗುವ ಪಾಪವೇ ಅದು? ಮೆಕ್ಯಾನಿಕ್ ಹೆಡ್ಡನ್ನು ಬೋರಲು ಹಾಕಿ, ಅದರ ಮೇಲೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು ನೋಡಿದ. ಪಟ್ಟಿಯ ಕೆಳಗಿನಿಂದ ಬೆಳಕು ಹಣಿಕುತ್ತಿತ್ತು.

"ಕಾವಿಗೆ ಬಾಗೈತಿ," ಎಂದ. "ಹುಬ್ಬಳ್ಯಾಗ ಮಷೀನಿಗೆ ಹಾಕಿ ಸಪಾಟ ಮಾಡಸ್ಬೇಕು."

"ಮಾಲಕ ಅದಕ್ಕ ಒಪ್ಪಂಗಿಲ್ಲ, ಚಾಚಾ," ಎಂದ ಡ್ರೈವರ್. "ಹಂಗ ಕೂಡಿಸಿ ನೋಡ್ರಿ."

ಹೊಸ ಗ್ಯಾಸ್ಕೆಟ್ಟಿನ ಎರಡೂ ಬದಿಗೆ ವಾರ್ನಿಷ್ ಬಳಿದು ಕೂರಿಸಿದರು. ನಡುವಿನ ಬೋಲ್ಟಿನಿಂದ ಶುರುಮಾಡಿ ಅಂಚಿನ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದರು. ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಇಂಜಿನ್ ಶುರುವಾದಾಗ ಶಬ್ದ ಎಷ್ಟು ಚೆನ್ನಾಗಿತ್ತೆಂದರೆ ನಕ್ಕೇಬಿಟ್ಟೆ. ಮೆಕ್ಯಾನಿಕ್ ಮಾತ್ರ ರೇಡಿಯೇಟರಿನ ಮುಚ್ಚಳ ತೆಗೆದು ಬಗ್ಗಿ ನಿಂತಿದ್ದ. ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಗುಳ್ಳೆ ಎದ್ದವು, ಅನ್ನದ ಎಸರು ಕುದಿಯುವ ಹಾಗೆ. ಹೊಸ ಗ್ಯಾಸ್ಕೆಟ್ ಹಿಡಿದಿರಲಿಲ್ಲ; ಇಂಜಿನ್ನಿನ ಹೊಗೆ ಇನ್ನೂ ನೀರಿಗೆ ನುಗ್ಗುತ್ತಿತ್ತು. ಅವನು ಕೈ ಒರೆಸಿಕೊಂಡ.

ಹಳ್ಳದ ಹತ್ತಿರ ನಿಲ್ಲಿಸಲು ಬಿಟ್ಟಿದ್ದರೆ ಹೆಡ್ಡು ಉಳಿಯುತ್ತಿತ್ತೇನೋ. ಆದರೆ ಇವತ್ತು ಅದೇ ಸೀಟಿನಲ್ಲಿ ಕೂರಿಸಿದರೂ ನಾನು "ನಡೀ" ಎಂದೇ ಹೇಳುತ್ತೇನೆ. ಅದಕ್ಕೇ ನನಗೆ ಪಶ್ಚಾತ್ತಾಪ ಪಡಲೂ ಬರುವುದಿಲ್ಲ, ನೆಮ್ಮದಿಯಿಂದ ಇರಲೂ ಬರುವುದಿಲ್ಲ.

ಡ್ರೈವರ್ ಇಂಜಿನ್ ಆರಿಸಿ, ಕೀಲಿಕೈ ತೆಗೆದುಕೊಂಡು ಮಾಲೀಕನ ಮನೆಯ ಕಡೆ ಹೊರಟ. ನನ್ನ ಹತ್ತಿರ ಬಂದಾಗ ಒಂದು ಗಳಿಗೆ ನಿಂತ.

"ಕೂಸು ಹಾಲು ಕುಡ್ಯಾಕತ್ತೈತೇನಪಾ?" ಎಂದು ಕೇಳಿದ.

ಹೊಟ್ಟೆ ತುಂಬ ಕುಡಿಯುತ್ತಿತ್ತು. ಹಾಗೆಂದು ಹೇಳಲು ನನಗೆ ನಾಚಿಕೆಯಾಯಿತು.